ಸೈಟಿನವರ ಕೈಯಲ್ಲಿರುವುದು ಯಾವ ರಿವಿಷನ್? ಡ್ರಾಫ್ಟಿಂಗ್ ಮತ್ತು ನಿರ್ಮಾಣ ತಂತ್ರಾಂಶಗಳನ್ನು ತೂಗಿ ನೋಡುವ ಬಗೆ

ಕಟ್ಟಡದ ನಕ್ಷೆ ಉಳಿಸಿಡುವ ಯಾವುದಾದರೂ ಒಂದು ಡಿಡಬ್ಲ್ಯುಜಿ ಫೈಲನ್ನು, ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್ ಬಿಟ್ಟು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಪರದೆ ತುಂಬ ತಲೆಬುಡ ತಿಳಿಯದ ಚಿಹ್ನೆಗಳು ಬರುತ್ತವೆ. ಮೊಟ್ಟಮೊದಲ ಆರು ಅಕ್ಷರಗಳನ್ನು ಮಾತ್ರ ಓದಬಹುದು: ಎಸಿ1032. ಆಟೋಕ್ಯಾಡ್ 2018ರ ಜೊತೆ ಬಂದ ಫೈಲ್ ರೂಪದ ಗುರುತು ಅದು. ಎಸಿ1027 ಅಂತಿದ್ದರೆ 2013ರ ರೂಪ, ಎಸಿ1015 ಅಂತಿದ್ದರೆ 2000ದ್ದು. "ಸಾರ್, ನಿಮ್ಮ ಫೈಲ್ ಓಪನ್ ಆಗ್ತಿಲ್ಲ, ಹಳೇ ವರ್ಷನ್‌ಗೆ ಸೇವ್ ಮಾಡಿ ಕಳಿಸಿ" ಎಂದು ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಕಚೇರಿಯಿಂದ ಫೋನ್ ಬಂದಾಗಲೆಲ್ಲ ಅಡ್ಡಿ ಮಾಡುತ್ತಿರುವುದು ಈ ಆರು ಅಕ್ಷರಗಳೇ.

ಅವುಗಳ ಹಿಂದೆ ದೊಡ್ಡದೊಂದು ಜಗ್ಗಾಟದ ಕಥೆಯಿದೆ. ಆಟೋಕ್ಯಾಡ್ ಮಾರುಕಟ್ಟೆಗೆ ಬಂದಿದ್ದು 1982ರ ಡಿಸೆಂಬರ್‌ನಲ್ಲಿ. ಕೆಲವೇ ವರ್ಷಗಳಲ್ಲಿ ಅದರ ಫೈಲ್ ರೂಪ ಇಡೀ ಕಟ್ಟಡ ಲೋಕದ ಚಲಾವಣೆಯ ನಾಣ್ಯವಾಯಿತು. ಆದರೆ ಆ ಫೈಲಿನೊಳಗೆ ಯಾವುದನ್ನು ಎಲ್ಲಿ, ಹೇಗೆ ಜೋಡಿಸಿದೆ ಎಂಬುದನ್ನು ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಕಂಪನಿ ಬಹಿರಂಗಪಡಿಸಲಿಲ್ಲ. 1998ರಲ್ಲಿ ಉಳಿದ ಕಂಪನಿಗಳು ಒಂದು ಒಕ್ಕೂಟ ಕಟ್ಟಿಕೊಂಡು, ಫೈಲನ್ನು ಬಿಡಿಸಿ ಬಿಡಿಸಿ ನೋಡಿ ಅದರ ರಚನೆಯನ್ನು ತಾವೇ ಕಂಡುಕೊಂಡವು. ಇಂದಿನ ಓಪನ್ ಡಿಸೈನ್ ಅಲಯನ್ಸ್ ಅದೇ. 2006ರಲ್ಲಿ ಆಟೋಡೆಸ್ಕ್ ಆ ಒಕ್ಕೂಟದ ಮೇಲೆ ಕೋರ್ಟಿಗೆ ಹೋಯಿತು, 2007ರಲ್ಲಿ ರಾಜಿಯಾಯಿತು. 2020ರಲ್ಲಿ ಆಟೋಡೆಸ್ಕ್ ತಾನೇ ಅದೇ ಒಕ್ಕೂಟದ ಸದಸ್ಯನಾಗಿ ಸೇರಿಕೊಂಡಿತು.

ಇಷ್ಟನ್ನು ಮೊದಲಿಗೇ ಹೇಳಲು ಕಾರಣವಿದೆ. ಕಿರಿಯ ಆರ್ಕಿಟೆಕ್ಟ್‌ಗಳು, ಹೊಸದಾಗಿ ಕಚೇರಿ ತೆರೆದ ಎಂಜಿನಿಯರುಗಳು ನನ್ನ ಹತ್ತಿರ ಬಂದು "ಯಾವ ಸಾಫ್ಟ್‌ವೇರ್ ತಗೊಳ್ಳೋದು?" ಎಂದು ಕೇಳುವಾಗ ಅವರ ಮನಸ್ಸಿನಲ್ಲಿರುವುದು ಗೆರೆ ಎಳೆಯುವ ತಂತ್ರಾಂಶ. ಆ ಪ್ರಶ್ನೆಯ ಬಹುಪಾಲು ಇವತ್ತು ಇತ್ಯರ್ಥವಾಗಿದೆ. ಎರಡು ಆಯಾಮದ ಪ್ಲಾನ್, ಸೆಕ್ಷನ್, ಎಲಿವೇಷನ್ ಬರೆಯುವ ಕೆಲಸಕ್ಕೆ ನಾಲ್ಕೈದು ಸಮರ್ಥ ತಂತ್ರಾಂಶಗಳಿವೆ, ಎಲ್ಲವೂ ಡಿಡಬ್ಲ್ಯುಜಿ ತೆರೆಯುತ್ತವೆ, ಎಲ್ಲವೂ ಡಿಡಬ್ಲ್ಯುಜಿಯಲ್ಲೇ ಉಳಿಸುತ್ತವೆ. ಕಚೇರಿಗೆ ನಷ್ಟ ತರುವುದು, ಕಟ್ಟಡಕ್ಕೆ ಅಪಾಯ ತರುವುದು ಗೆರೆ ಎಳೆದಾದ ಮೇಲಿನ ಭಾಗ. ಡ್ರಾಯಿಂಗ್ ಕಚೇರಿಯಿಂದ ಹೊರಟು ಸೆಂಟ್ರಿಂಗ್ ಹೊಡೆಯುವವರ ಕೈ ಸೇರುವವರೆಗಿನ ದಾರಿಯ ಬಗ್ಗೆ ನಾವು ಮಾತಾಡುವುದೇ ಕಡಿಮೆ.

ಆದರೂ ಗೆರೆ ಎಳೆಯುವುದನ್ನು ಮೊದಲು ಮುಗಿಸೋಣ.

2016ರ ಫೆಬ್ರುವರಿಯಿಂದ ಆಟೋಕ್ಯಾಡ್‌ನ ಶಾಶ್ವತ ಲೈಸೆನ್ಸ್ ಮಾರಾಟ ನಿಂತಿತು. ಅಲ್ಲಿಂದೀಚೆಗೆ ವರ್ಷವರ್ಷವೂ ಬಾಡಿಗೆ. 2020ರಲ್ಲಿ ಇನ್ನೊಂದು ಬದಲಾವಣೆ ಶುರುವಾಯಿತು. ಕಚೇರಿಯ ಹಲವರು ಸರದಿಯಲ್ಲಿ ಬಳಸುತ್ತಿದ್ದ ನೆಟ್‌ವರ್ಕ್ ಲೈಸೆನ್ಸ್ ಪದ್ಧತಿಯಿಂದ ಹೆಸರಿಗೊಂದು ಲೈಸೆನ್ಸ್ ಎಂಬ ಪದ್ಧತಿಯತ್ತ ಆಟೋಡೆಸ್ಕ್ ಗ್ರಾಹಕರನ್ನು ತಳ್ಳಿತು. ಐದಾರು ಮಂದಿಯ ಕಚೇರಿಗೆ ಇದು ಸಣ್ಣ ಹೊರೆಯಲ್ಲ. ಕೆಲಸವಿಲ್ಲದ ತಿಂಗಳಲ್ಲೂ ಬಾಡಿಗೆ ನಿಲ್ಲುವುದಿಲ್ಲ. ಬಾಡಿಗೆ ನಿಲ್ಲಿಸಿದರೆ ಹಳೆಯ ಡ್ರಾಯಿಂಗನ್ನು ಆ ತಂತ್ರಾಂಶದಲ್ಲಿ ತಿದ್ದುವ ಹಕ್ಕೂ ಹೋಯಿತು.

ಈ ಸಂದಿಯಲ್ಲೇ ಬೆಲ್ಜಿಯಂನ ಬ್ರಿಕ್ಸ್‌ಕ್ಯಾಡ್, ಚೀನಾದ ಝಡ್‌ಡಬ್ಲ್ಯುಕ್ಯಾಡ್ ಮತ್ತು ಜೀಸ್ಟಾರ್‌ಕ್ಯಾಡ್ ಬೆಳೆದವು. ಒಮ್ಮೆ ಹಣ ಕೊಟ್ಟು ಕೊಳ್ಳುವ ದಾರಿಯನ್ನು ತೆರೆದಿಟ್ಟಿದ್ದೇ ಇವುಗಳ ಬಂಡವಾಳ. ಕಮಾಂಡ್‌ಗಳ ಹೆಸರೂ ಹೆಚ್ಚುಕಡಿಮೆ ಅವೇ. ಎಲ್ ಒತ್ತಿದರೆ ಗೆರೆ, ಟಿಆರ್ ಒತ್ತಿದರೆ ಟ್ರಿಮ್. ಹತ್ತು ವರ್ಷ ಆಟೋಕ್ಯಾಡ್‌ನಲ್ಲಿ ಬೆರಳು ಪಳಗಿದ ಡ್ರಾಫ್ಟ್ಸ್‌ಮನ್‌ಗೆ ಎರಡು ದಿನ ಮುಜುಗರವಾಗುತ್ತದೆ, ಮೂರನೇ ದಿನ ಮರೆತುಹೋಗುತ್ತದೆ. ಡಸ್ಸೋ ಕಂಪನಿಯ ಡ್ರಾಫ್ಟ್‌ಸೈಟ್ ಬಹಳ ಕಾಲ ಉಚಿತವಾಗಿತ್ತು. 2019ರ ಕೊನೆಗೆ ಆ ಉಚಿತ ಆವೃತ್ತಿ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಅದನ್ನು ನಂಬಿ ಕಚೇರಿ ನಡೆಸುತ್ತಿದ್ದವರಿಗೆ ಅದೊಂದು ಪೆಟ್ಟು. ಉಚಿತ ಎಂಬುದಕ್ಕೂ ಮುಕ್ತ ಎಂಬುದಕ್ಕೂ ಇರುವ ವ್ಯತ್ಯಾಸ ಅವತ್ತು ಹಲವರಿಗೆ ಅರ್ಥವಾಯಿತು. ಮೂಲ ಕೋಡ್ ಎಲ್ಲರಿಗೂ ತೆರೆದಿರುವ, ನಿಜಕ್ಕೂ ಮುಕ್ತವಾದ ಲಿಬ್ರೆಕ್ಯಾಡ್, ಫ್ರೀಕ್ಯಾಡ್‌ಗಳನ್ನು ಯಾರೂ ಹಾಗೆ ನಿಲ್ಲಿಸಲಾರರು. ಫ್ರೀಕ್ಯಾಡ್ 2024ರ ನವೆಂಬರ್‌ನಲ್ಲಿ 1.0 ಆವೃತ್ತಿ ತಲುಪಿತು. ಕಲಿಯಲು, ಬಿಡಿಭಾಗಗಳ ವಿನ್ಯಾಸಕ್ಕೆ ಅವು ಒಳ್ಳೆಯವು. ಆದರೆ ದಿನಕ್ಕೆ ಹತ್ತು ಫೈಲ್ ಹೊರಗಿನವರೊಂದಿಗೆ ಕೊಟ್ಟು ತೆಗೆದುಕೊಳ್ಳುವ ಕಟ್ಟಡ ವಿನ್ಯಾಸದ ಕಚೇರಿಗೆ ಡಿಡಬ್ಲ್ಯುಜಿ ವಿಷಯದಲ್ಲಿ ಅವು ಇನ್ನೂ ಸಾಲವು ಎನ್ನುವುದು ನನ್ನ ಅನುಭವ.

ಬದಲಾಯಿಸಬೇಕೆಂದಿರುವವರು ಜಾಹೀರಾತು ನೋಡಬೇಡಿ. ನಿಮ್ಮ ಕಚೇರಿಯ ಅತಿ ಗೊಂದಲದ ಹಳೆಯ ಪ್ರಾಜೆಕ್ಟ್ ಒಂದನ್ನು ತೆಗೆದು ಹೊಸ ತಂತ್ರಾಂಶದಲ್ಲಿ ತೆರೆಯಿರಿ. ಎಕ್ಸ್‌ರೆಫ್‌ಗಳು (ಹೊರಗಿನಿಂದ ಜೋಡಿಸಿದ ಡ್ರಾಯಿಂಗ್‌ಗಳು) ಜಾಗದಲ್ಲಿವೆಯೇ, ಡೈನಾಮಿಕ್ ಬ್ಲಾಕ್‌ಗಳು ಎಳೆದಂತೆ ಹಿಗ್ಗುತ್ತವೆಯೇ, ಸಿಟಿಬಿ ಫೈಲಿನ ಪ್ರಕಾರ ಗೆರೆಗಳ ದಪ್ಪ ಪ್ರಿಂಟಿನಲ್ಲಿ ಬರುತ್ತದೆಯೇ, ಎಸ್‌ಎಚ್‌ಎಕ್ಸ್ ಫಾಂಟ್ ಸಿಗದೆ ಅಳತೆಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿದ್ದಿದೆಯೇ, ಯಾರೋ ಹಳೆಯ ಹುಡುಗ ಬರೆದಿಟ್ಟ ಲಿಸ್ಪ್ (ಕೆಲಸ ಚುರುಕುಗೊಳಿಸುವ ಕಿರು ಪ್ರೋಗ್ರಾಂ) ಓಡುತ್ತದೆಯೇ, ಇಷ್ಟನ್ನು ನೋಡಿದರೆ ಸಾಕು. ಕಡಿಮೆ ಬೆಲೆಯ ಕಿರು ಆವೃತ್ತಿಯಾದ ಆಟೋಕ್ಯಾಡ್ ಎಲ್‌ಟಿ ಬಗ್ಗೆಯೂ ಒಂದು ಮಾತು. ಅದರಲ್ಲಿ ಲಿಸ್ಪ್ ಓಡುವುದಿಲ್ಲ ಎಂಬ ಕಾರಣಕ್ಕೆ ಪೂರ್ಣ ಆಟೋಕ್ಯಾಡ್ ಕೊಂಡವರು ಬಹಳ. ಎಲ್‌ಟಿ 2024ರಿಂದ ಲಿಸ್ಪ್ ಬಂದಿದೆ. ಮೂರು ಆಯಾಮದ ಕೆಲಸ ಮಾಡದವರು ಈ ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕು.

ಇನ್ನು ಕ್ರ್ಯಾಕ್ ಮಾಡಿದ ಪ್ರತಿಗಳು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ನಮ್ಮ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ ಕದ್ದ ತಂತ್ರಾಂಶವೆಂದು ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕಾನೂನಿನ ಭಯ ಒಂದು ಕಡೆ ಇರಲಿ. ಇನ್ನೊಬ್ಬರು ಬರೆದ ತಂತ್ರಾಂಶವನ್ನು ಕದ್ದು ಬಳಸಿಕೊಂಡು ನಮ್ಮ ಡ್ರಾಯಿಂಗಿಗೆ ಫೀಸು ಕೇಳುವುದು ಸರಿಯಲ್ಲ. ಕಡಿಮೆ ಬೆಲೆಯ ಸಮರ್ಥ ಪರ್ಯಾಯಗಳಿರುವ ಈ ಹೊತ್ತಿನಲ್ಲಿ ಅದಕ್ಕೆ ನೆಪವೂ ಉಳಿದಿಲ್ಲ.

ಮಾದರಿ ಕಟ್ಟುವವರ ಲೋಕ

ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಎಂದು ಕರೆಯುವ ಪದ್ಧತಿಯಲ್ಲಿ ಲೆಕ್ಕಾಚಾರವೇ ಬೇರೆ. ಅಲ್ಲಿ ಗೋಡೆ ಅಂದರೆ ಎರಡು ಗೆರೆಯಲ್ಲ, ದಪ್ಪ, ಎತ್ತರ, ಸಾಮಗ್ರಿ ಎಲ್ಲ ಇರುವ ಒಂದು ವಸ್ತು. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಎಲಿವೇಷನ್ನಿನಲ್ಲೂ ಸರಿಯುತ್ತದೆ, ಕಿಟಕಿಗಳ ಪಟ್ಟಿಯಲ್ಲೂ ತಿದ್ದುಪಡಿಯಾಗುತ್ತದೆ. ಈ ಬಗೆಯ ತಂತ್ರಾಂಶಗಳಲ್ಲಿ ಹೆಸರಾದ ರೆವಿಟ್ ಮೊದಲು ಬಂದಿದ್ದು 2000ದಲ್ಲಿ. ಎರಡೇ ವರ್ಷದಲ್ಲಿ ಆಟೋಡೆಸ್ಕ್ ಆ ಕಂಪನಿಯನ್ನು 13.3 ಕೋಟಿ ಡಾಲರಿಗೆ ಕೊಂಡಿತು. ಹಂಗೇರಿಯ ಆರ್ಕಿಕ್ಯಾಡ್ ಅದಕ್ಕಿಂತ ಹಿರಿಯ, ಆದರೆ ನಮ್ಮಲ್ಲಿ ಅದನ್ನು ಬಲ್ಲ ಹುಡುಗರು ಸಿಗುವುದು ಕಷ್ಟ. ತಂತ್ರಾಂಶ ಆರಿಸುವಾಗ ಊರಿನಲ್ಲಿ ಆ ಕೆಲಸ ಗೊತ್ತಿರುವವರು ಎಷ್ಟು ಜನ ಸಿಗುತ್ತಾರೆ ಎಂಬುದೂ ಬೆಲೆಯಷ್ಟೇ ತೂಕದ ಸಂಗತಿ.

ರೆವಿಟ್‌ನ ಎರಡು ಗುಣಗಳನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು. ಒಂದು, ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲನ್ನು ಹಳೆಯದರಲ್ಲಿ ತೆರೆಯಲಾಗದು, ಹಳೆಯ ಆವೃತ್ತಿಗೆ ಇಳಿಸಿ ಉಳಿಸಲೂ ಆಗದು. ಡಿಡಬ್ಲ್ಯುಜಿಯಲ್ಲಿ ಇರುವ ಆ ಸೌಕರ್ಯ ಇಲ್ಲಿಲ್ಲ. ಹಾಗಾಗಿ ಪ್ರಾಜೆಕ್ಟ್ ಶುರುವಾಗುವ ದಿನವೇ ಆರ್ಕಿಟೆಕ್ಟ್, ಸ್ಟ್ರಕ್ಚರಲ್, ಎಂಇಪಿ (ವಿದ್ಯುತ್, ಕೊಳಾಯಿ, ಹವಾನಿಯಂತ್ರಣ) ಮೂವರೂ ಕೂತು ಯಾವ ವರ್ಷದ ಆವೃತ್ತಿ ಎಂದು ತೀರ್ಮಾನಿಸಬೇಕು, ಮುಗಿಯುವವರೆಗೂ ಅದನ್ನು ಬಿಡಬಾರದು. ಎರಡನೆಯದು, ಅಗ್ಗವೆಂದು ರೆವಿಟ್ ಎಲ್‌ಟಿ ಕೊಂಡವರಿಗೆ ಒಂದೇ ಮಾದರಿಯಲ್ಲಿ ಇಬ್ಬರು ಏಕಕಾಲಕ್ಕೆ ಕೆಲಸ ಮಾಡುವ ಅವಕಾಶವಿಲ್ಲ. ಒಬ್ಬರೇ ದುಡಿಯುವ ಕಚೇರಿಗೆ ಅದು ಚೆನ್ನ, ಮೂವರಾದ ಕೂಡಲೇ ಗೋಡೆಗೆ ತಲೆ ಹೊಡೆದಂತೆ.

ಪೂರ್ಣ ರೆವಿಟ್‌ನಲ್ಲಿ ಒಂದು ಕೇಂದ್ರ ಫೈಲು, ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ ಅದರ ಸ್ಥಳೀಯ ಪ್ರತಿ, ಆಗಾಗ ಸಿಂಕ್. ಒಂದೇ ಕೋಣೆಯ ನೆಟ್‌ವರ್ಕಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಬೆಂಗಳೂರಿನವರು, ಹುಬ್ಬಳ್ಳಿಯವರು ಒಟ್ಟಿಗೆ ದುಡಿಯಬೇಕಾದರೆ ಆಟೋಡೆಸ್ಕ್‌ನ ಮೋಡ (ಕ್ಲೌಡ್) ಸೇವೆಗೆ ಇನ್ನೊಂದು ಬಾಡಿಗೆ ಬೇಕು. ಆ ಕೇಂದ್ರ ಫೈಲನ್ನು ಡ್ರಾಪ್‌ಬಾಕ್ಸ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ಇಟ್ಟು ಕೆಲಸ ಸಾಗಿಸಲು ಹೋಗಿ ಮಾದರಿ ಕೆಡಿಸಿಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

2020ರಲ್ಲಿ ಝಾಹಾ ಹದೀದ್ ಆರ್ಕಿಟೆಕ್ಟ್ಸ್ ಸೇರಿದಂತೆ ಬ್ರಿಟನ್ನಿನ ಹಲವು ದೊಡ್ಡ ಕಚೇರಿಗಳು ಆಟೋಡೆಸ್ಕ್‌ಗೆ ಬಹಿರಂಗ ಪತ್ರ ಬರೆದವು. ಬೆಲೆ ಏರುತ್ತಲೇ ಇದೆ, ರೆವಿಟ್ ಮಾತ್ರ ಅದಕ್ಕೆ ತಕ್ಕಂತೆ ಬೆಳೆಯುತ್ತಿಲ್ಲ ಎಂಬುದು ಅವರ ದೂರು. ಅಷ್ಟು ದೊಡ್ಡವರೇ ಪತ್ರ ಬರೆದು ಕಾಯಬೇಕಾಯಿತೆಂದರೆ ಕಾರಣ ಇಷ್ಟೇ: ಹತ್ತಾರು ವರ್ಷದ ಕೆಲಸವೆಲ್ಲ ಒಂದೇ ಕಂಪನಿಯ ಫೈಲ್ ರೂಪದಲ್ಲಿ ಕೂತಿದೆ, ಎದ್ದು ಹೋಗಲು ಬಾಗಿಲಿಲ್ಲ. ಆ ಬಾಗಿಲಾಗಿ ಇರುವುದು ಐಎಫ್‌ಸಿ. ಬಿಲ್ಡಿಂಗ್‌ಸ್ಮಾರ್ಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ನೋಡಿಕೊಳ್ಳುವ ಈ ಮುಕ್ತ ರೂಪಕ್ಕೆ ಐಎಸ್ಒ 16739 ಎಂಬ ಮಾನಕದ ಮುದ್ರೆಯಿದೆ. ರೆವಿಟ್‌ನಿಂದ ಆರ್ಕಿಕ್ಯಾಡ್‌ಗೆ ಮಾದರಿ ದಾಟಿಸಬಹುದು, ಆದರೆ ದಾಟಿದ ಮೇಲೆ ಅದನ್ನು ಮೊದಲಿನಷ್ಟು ಸಲೀಸಾಗಿ ತಿದ್ದಲು ಆಗುವುದಿಲ್ಲ. ಹಣ್ಣನ್ನು ಉಪ್ಪಿನಕಾಯಿ ಹಾಕಿಟ್ಟ ಹಾಗೆ, ಉಳಿಯುತ್ತದೆ, ಹಸಿಯಾಗಿ ಇರುವುದಿಲ್ಲ. ದಾಖಲೆಯಾಗಿ ಇಟ್ಟುಕೊಳ್ಳಲು, ಬೇರೆಯವರ ಮಾದರಿಯ ಜೊತೆ ಹೊಂದಿಸಿ ಕಾಲಮ್ಮಿಗೆ ಗಾಳಿಯ ಡಕ್ಟ್ ಬಡಿಯುತ್ತದೆಯೇ ನೋಡಲು ಅಷ್ಟು ಸಾಕು. ಸಿಂಗಪುರದ ಸರ್ಕಾರ ಕಟ್ಟಡ ಅನುಮತಿಗೆ ಬಿಮ್ ಮಾದರಿ ಕೇಳಲು ಶುರುಮಾಡಿ ದಶಕವೇ ಆಗಿದೆ, ಈಗಿನ ಅದರ ವ್ಯವಸ್ಥೆ ಐಎಫ್‌ಸಿಯನ್ನೇ ಆಧರಿಸಿದೆ. ನಮ್ಮಲ್ಲಿ ಹಾಗೇನೂ ಇಲ್ಲ. ಬೆಂಗಳೂರಿನ 'ನಂಬಿಕೆ ನಕ್ಷೆ'ಯಂಥ ಯೋಜನೆಯಲ್ಲಿ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಸಲ್ಲಿಸಿದ ನಕ್ಷೆಯನ್ನು ನಂಬಿ ತಾತ್ಕಾಲಿಕ ಅನುಮೋದನೆ ಕೊಡುತ್ತಾರೆ. ಸಲ್ಲಿಸಿದವರ ಹೆಗಲ ಮೇಲಿನ ಹೊಣೆ ಅಷ್ಟರಮಟ್ಟಿಗೆ ಹೆಚ್ಚಿತು.

ಸಂಕನ್ ಸ್ಲ್ಯಾಬ್ ತಪ್ಪಿದ ಕಥೆ

ಕೆಲವು ವರ್ಷದ ಹಿಂದೆ ಮೈಸೂರಿನಲ್ಲಿ ನಮ್ಮ ಕಚೇರಿ ವಿನ್ಯಾಸ ಮಾಡಿದ ಒಂದು ಮನೆ. ಮೊದಲ ಮಹಡಿಯ ಸ್ಲ್ಯಾಬಿಗೆ ಕಬ್ಬಿಣ ಕಟ್ಟುವ ಹೊತ್ತಿಗೆ ಮನೆಯವರು ವಾಸ್ತು ನೋಡಿಸಿ ಶೌಚಾಲಯವನ್ನು ಪಕ್ಕದ ಕೋಣೆಯ ಕಡೆಗೆ ಸರಿಸಬೇಕೆಂದರು. ಆರ್3, ಅಂದರೆ ಮೂರನೇ ರಿವಿಷನ್ ಡ್ರಾಯಿಂಗ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದೆವು. ಎರಡು ನೀಲಿ ಟಿಕ್ ಬಂದವು. ಸೈಟಿನಲ್ಲಿ ಆಗಿದ್ದು ಬೇರೆ. ಗುಂಪಿನಲ್ಲಿ ಆ ವಾರ ಸಿಮೆಂಟ್ ಬಿಲ್ಲು, ನೀರಿನ ಟ್ಯಾಂಕರ್, ಹಬ್ಬದ ಶುಭಾಶಯ ಎಲ್ಲ ಸೇರಿ ನೂರಾರು ಸಂದೇಶಗಳು ಬಿದ್ದಿದ್ದವು. ಜೆರಾಕ್ಸ್ ಅಂಗಡಿಗೆ ಹೋದ ಹುಡುಗ ಮೇಲೆ ಸರಿಸುತ್ತಾ ಹೋಗಿ ಕಣ್ಣಿಗೆ ಬಿದ್ದ ಪಿಡಿಎಫ್ ಪ್ರಿಂಟ್ ಹಾಕಿಸಿದ. ಅದು ಆರ್2. ಶೌಚಾಲಯದ ಪೈಪುಗಳಿಗಾಗಿ ತಗ್ಗಿಸಿ ಹಾಕುವ ಸಂಕನ್ ಸ್ಲ್ಯಾಬ್ ಹಳೆಯ ಜಾಗದಲ್ಲೇ ತಗ್ಗಿತು, ಕಾಂಕ್ರೀಟ್ ಬಿತ್ತು.

ನಾನು ಹೋಗಿ ನೋಡಿದಾಗ ಮೇಸ್ತ್ರಿ ಹೇಳಿದ್ದು ಇಷ್ಟೇ: "ಸಾರ್, ನೀವು ಕಳಿಸಿದ್ ಡ್ರಾಯಿಂಗ್ ನೋಡ್ಕೊಂಡೇ ಹಾಕಿರೋದು." ಅವರ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆರ್2 ಕೂಡ ನಾವು ಕಳಿಸಿದ್ದೇ. ಅದು ಈಗ ನಡೆಯುವುದಿಲ್ಲ ಎಂದು ಹೇಳುವ ಯಾವ ಗುರುತೂ ಆ ಹಾಳೆಯ ಮೇಲೆ ಇರಲಿಲ್ಲ. ಹೊಸ ಡ್ರಾಯಿಂಗ್ ಕಳಿಸಿದ್ದೆವು, ಹಳೆಯದನ್ನು ವಾಪಸು ತೆಗೆದುಕೊಂಡಿರಲಿಲ್ಲ. ಅವತ್ತು ನಾವು ಬಳಸುತ್ತಿದ್ದ ಡ್ರಾಫ್ಟಿಂಗ್ ತಂತ್ರಾಂಶ ಎಷ್ಟೇ ದುಬಾರಿಯದಾಗಿದ್ದರೂ ಈ ತಪ್ಪು ನಿಲ್ಲುತ್ತಿರಲಿಲ್ಲ.

ನಮ್ಮದು ಹಣದ ನಷ್ಟ, ಹನ್ನೊಂದು ದಿನದ ವಿಳಂಬ. ಇದೇ ಬಗೆಯ ಲೋಪ ಜೀವ ತೆಗೆದ ಉದಾಹರಣೆಯೂ ಇದೆ. 1981ರ ಜುಲೈ 17ರ ಸಂಜೆ ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ನೃತ್ಯ ನಡೆಯುತ್ತಿದ್ದಾಗ ಸಭಾಂಗಣದ ಮೇಲೆ ತೂಗುಬಿಟ್ಟಿದ್ದ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ನಾಲ್ಕನೇ ಮಹಡಿಯ ನಡೆದಾರಿ, ಅದರ ನೇರ ಕೆಳಗೆ ಎರಡನೇ ಮಹಡಿಯದು. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಉಕ್ಕಿನ ಸರಳು ಎರಡನ್ನೂ ಹಿಡಿಯಬೇಕಿತ್ತು. ಅಷ್ಟುದ್ದಕ್ಕೂ ತಿರುಪಿನ ಎಳೆ ಕೊರೆದು ನಟ್ಟು ಏರಿಸುವುದು ತ್ರಾಸವೆಂದು ಉಕ್ಕಿನ ಕೆಲಸದವರು ಅದನ್ನು ಎರಡು ತುಂಡು ಮಾಡಿದರು. ಒಂದು ಸರಳು ಚಾವಣಿಯಿಂದ ನಾಲ್ಕನೇ ಮಹಡಿಗೆ, ಇನ್ನೊಂದು ನಾಲ್ಕನೇ ಮಹಡಿಯಿಂದ ಎರಡನೆಯದಕ್ಕೆ.

ಕಾಗದದ ಮೇಲೆ ನೋಡಿದರೆ ಸಣ್ಣ ಬದಲಾವಣೆ. ಮರಕ್ಕೆ ಕಟ್ಟಿದ ಹಗ್ಗವನ್ನು ಇಬ್ಬರೂ ತಂತಮ್ಮ ಕೈಯಲ್ಲಿ ಹಿಡಿದು ಜೋತುಬಿದ್ದರೆ ಒಬ್ಬೊಬ್ಬರ ಕೈಗೆ ಅವರವರ ಭಾರ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದರೆ ಮೇಲಿನವನ ಕೈಗೆ ಇಬ್ಬರ ಭಾರ. ನಾಲ್ಕನೇ ಮಹಡಿಯ ತೊಲೆಯ ಕೆಳಗಿನ ನಟ್ಟಿಗೆ ಆಗಿದ್ದು ಅದೇ. ಮೂಲ ಜೋಡಣೆಯೇ ನಿಯಮ ಕೇಳುವಷ್ಟು ಬಲ ಹೊಂದಿರಲಿಲ್ಲ ಎಂದು ತನಿಖೆ ಹೇಳಿತು. ಬದಲಾದ ಮೇಲೆ ಅದರ ಮೇಲೆ ಬಿದ್ದ ಭಾರ ಎರಡು ಪಟ್ಟಾಯಿತು.

ನನ್ನನ್ನು ಕಾಡುವುದು ಮುಂದಿನ ಭಾಗ. ಬದಲಾವಣೆಗೆ ಫೋನಿನಲ್ಲಿ ಒಪ್ಪಿಗೆ ಪಡೆದಿದ್ದೆವು ಎಂದರು ಉಕ್ಕಿನವರು. ಅಂಥ ಫೋನೇ ಬಂದಿಲ್ಲ ಎಂದರು ಎಂಜಿನಿಯರುಗಳು. ಆದರೆ ಉಕ್ಕಿನವರು ತಯಾರಿಸಿದ, ಬದಲಾದ ಶಾಪ್ ಡ್ರಾಯಿಂಗಿನ ಮೇಲೆ ಎಂಜಿನಿಯರಿಂಗ್ ಕಚೇರಿಯ ಮುದ್ರೆ ಬಿದ್ದಿತ್ತು. ಆ ಜೋಡಣೆಯ ಲೆಕ್ಕವನ್ನು ಇವರು ಮಾಡಿದ್ದಾರೆಂದು ಅವರು, ಅವರು ಮಾಡುತ್ತಾರೆಂದು ಇವರು, ಕೊನೆಗೆ ಯಾರೂ ಮಾಡಿರಲಿಲ್ಲ. ಹೊಣೆ ಹೊತ್ತ ಎಂಜಿನಿಯರುಗಳ ಲೈಸೆನ್ಸನ್ನು ಮಿಸ್ಸೌರಿ ರಾಜ್ಯ ರದ್ದು ಮಾಡಿತು. ಫೋನಿನ ಜಾಗದಲ್ಲಿ ಇವತ್ತು ವಾಟ್ಸಾಪ್ ವಾಯ್ಸ್ ಮೆಸೇಜ್ ಇದೆ. "ಸಾರ್, ಇಲ್ಲಿ 20 ಎಂಎಂ ಕಂಬಿ ಸಿಗ್ತಿಲ್ಲ, 16 ಹಾಕ್ಲಾ?" "ಹಾಕಿ, ಒಂದೆರಡು ಜಾಸ್ತಿ ಕೊಡಿ." ಹೀಗೆ ಮುಗಿದ ಮಾತುಕತೆಗಳ ಮೇಲೆ ನಮ್ಮ ಸುತ್ತ ಎಷ್ಟು ಕಟ್ಟಡಗಳು ನಿಂತಿವೆಯೋ.

ಸಹಕಾರದ ತಂತ್ರಾಂಶ ಕೊಡಬೇಕಾದ್ದು ಏನು

ಹಯಾತ್‌ನ ಕಥೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಸಹಕಾರದ ತಂತ್ರಾಂಶದಿಂದ, ಅಂದರೆ ಕಚೇರಿ, ಸೈಟು ಎರಡೂ ಒಟ್ಟಿಗೆ ಬಳಸುವ ತಂತ್ರಾಂಶದಿಂದ, ಬೇಕಾದದ್ದು ಸ್ಪಷ್ಟವಾಗುತ್ತದೆ. ಯಾರು ಕೇಳಿದರು, ಯಾರು ಉತ್ತರಿಸಿದರು, ಯಾವ ದಿನ, ಯಾವ ಹಾಳೆಯ ಯಾವ ರಿವಿಷನ್ ಬಗ್ಗೆ ಎಂಬುದು ಅಳಿಸಲಾಗದಂತೆ ಉಳಿಯಬೇಕು. ಹೊಸ ರಿವಿಷನ್ ಬಂದ ಕ್ಷಣ ಹಳೆಯದು ಕಣ್ಮರೆಯಾಗಬೇಕು, ಆದರೆ ನಾಶವಾಗಬಾರದು. ಉಳಿದ ಅಲಂಕಾರವೆಲ್ಲ ಆಮೇಲೆ.

ಐಎಸ್ಒ 19650 ಎಂಬ 2018ರ ಮಾನಕ ಈ ಮಾತನ್ನೇ ಶಿಸ್ತಿಗೆ ಒಳಪಡಿಸುತ್ತದೆ. ಯಾವ ದಾಖಲೆಯೂ ನಾಲ್ಕರಲ್ಲಿ ಒಂದು ಸ್ಥಿತಿಯಲ್ಲಿರಬೇಕು: ಇನ್ನೂ ಕೆಲಸ ನಡೆಯುತ್ತಿರುವುದು, ತಂಡದ ಇತರರ ಜೊತೆ ಹಂಚಿಕೊಂಡದ್ದು, ಬಳಕೆಗೆ ಪ್ರಕಟಿಸಿದ್ದು, ದಾಖಲೆಗೆ ಸೇರಿದ್ದು. ನಮ್ಮ ಸೈಟುಗಳಲ್ಲಿ ಜಿಎಫ್‌ಸಿ (ಗುಡ್ ಫಾರ್ ಕನ್‌ಸ್ಟ್ರಕ್ಷನ್, ಕಟ್ಟಲು ಒಪ್ಪಿಗೆ) ಎಂದು ಮುದ್ರೆ ಒತ್ತುತ್ತೇವಲ್ಲ, ಅದು ಮೂರನೆಯ ಸ್ಥಿತಿ. ಜಿಎಫ್‌ಸಿ ಮುದ್ರೆ ಇಲ್ಲದ ಹಾಳೆಯ ಮೇಲೆ ಕಬ್ಬಿಣ ಕತ್ತರಿಸಬಾರದು ಎಂಬ ಒಂದು ನಿಯಮವನ್ನು ಪಾಲಿಸಿದರೆ ಅರ್ಧ ಮಾನಕ ಪಾಲಿಸಿದಂತೆ. ಇದಕ್ಕೆ ಯಾವ ಬಾಡಿಗೆಯೂ ಬೇಡ.

ಮಾರುಕಟ್ಟೆಯ ದೊಡ್ಡ ಹೆಸರುಗಳು ಬೇರೆ ಬೇರೆ ಊರಿನಿಂದ ಒಂದೇ ಸಂತೆಗೆ ಬಂದವು, ಹಾಗಾಗಿ ಅವುಗಳ ಸ್ವಭಾವವೂ ಬೇರೆ. ಆಟೋಡೆಸ್ಕ್ ಕನ್‌ಸ್ಟ್ರಕ್ಷನ್ ಕ್ಲೌಡ್ ವಿನ್ಯಾಸದ ಕಡೆಯಿಂದ ಬಂದದ್ದು. 2018ರಲ್ಲಿ 87.5 ಕೋಟಿ ಡಾಲರಿಗೆ ಕೊಂಡ ಪ್ಲಾನ್‌ಗ್ರಿಡ್ ಅದರ ಸೈಟ್ ಭಾಗಕ್ಕೆ ಜೀವ ತುಂಬಿತು. ಟ್ಯಾಬ್ಲೆಟ್ಟಿನಲ್ಲಿ ಹಾಳೆ ತೆರೆದು, ಸೆಕ್ಷನ್ ಗುರುತಿನ ಮೇಲೆ ಬೆರಳಿಟ್ಟರೆ ಆ ಸೆಕ್ಷನ್ನಿನ ಹಾಳೆ ತೆರೆಯುತ್ತದೆ. ಹೊಸ ರಿವಿಷನ್ ಹಾಕಿದರೆ ಹಳೆಯದರ ಮೇಲೆ ಕೂರುತ್ತದೆ. ನೆಟ್‌ವರ್ಕ್ ಸಿಗದ ಬೇಸ್‌ಮೆಂಟಿನಲ್ಲೂ ಮೊದಲೇ ಇಳಿಸಿಕೊಂಡ ಹಾಳೆಗಳನ್ನು ನೋಡಬಹುದು. ರೆವಿಟ್ ಬಳಸುವ ತಂಡಕ್ಕೆ ಇದು ಸಹಜ ಆಯ್ಕೆ, ಒಂದೇ ಕಂಪನಿಯ ಬುಟ್ಟಿಯಲ್ಲಿ ಎಲ್ಲ ಮೊಟ್ಟೆ ಇಡುವ ಅಪಾಯವನ್ನು ಒಪ್ಪಿಕೊಂಡರೆ.

ಪ್ರೊಕೋರ್ ಗುತ್ತಿಗೆದಾರರ ಕಡೆಯಿಂದ ಬಂದದ್ದು. 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಆರ್‌ಎಫ್‌ಐ (ಸೈಟಿನಿಂದ ಬರುವ ಲಿಖಿತ ಪ್ರಶ್ನೆ), ಸಬ್ಮಿಟಲ್ (ಒಪ್ಪಿಗೆಗೆ ಕಳಿಸುವ ಸಾಮಗ್ರಿ ವಿವರ), ಬಜೆಟ್, ಬದಲಾವಣೆ ಆದೇಶ, ಈ ಸರಪಳಿಯೇ ಅದರ ಬೆನ್ನೆಲುಬು. ಇಲ್ಲಿ ತಲೆಗೊಂದು ಲೈಸೆನ್ಸ್ ಇಲ್ಲ. ಕಂಪನಿ ವರ್ಷಕ್ಕೆ ಎಷ್ಟು ಮೊತ್ತದ ಕಟ್ಟಡ ಕಟ್ಟುತ್ತದೆ ಎಂಬುದರ ಮೇಲೆ ಬೆಲೆ, ಬಳಸುವವರು ಎಷ್ಟು ಮಂದಿಯಾದರೂ ಸರಿ. ಈ ವ್ಯತ್ಯಾಸ ಬರೀ ಲೆಕ್ಕದ್ದಲ್ಲ. ತಲೆಗೊಂದು ಲೈಸೆನ್ಸ್ ಇದ್ದಲ್ಲಿ ಖರ್ಚು ಉಳಿಸಲು ಮೊದಲು ಕೈಬಿಡುವುದು ಸೈಟಿನ ಮೇಸ್ತ್ರಿಯನ್ನು, ಪ್ಲಂಬಿಂಗ್‌ನವರನ್ನು. ಡ್ರಾಯಿಂಗ್ ನಿಜವಾಗಿ ಬೇಕಾದವರೇ ಹೊರಗುಳಿದು ಮತ್ತೆ ವಾಟ್ಸಾಪ್‌ಗೆ ಮರಳುತ್ತಾರೆ. ಯಾವ ತಂತ್ರಾಂಶವನ್ನೇ ನೋಡಲಿ, ಬೆಲೆ ಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಬರೀ ನೋಡುವವರಿಗೆ ಹಣವಿದೆಯೇ ಎಂಬುದನ್ನು.

ಬ್ಲೂಬೀಮ್ ಇನ್ನೊಂದು ಜಾತಿ. ಪಿಡಿಎಫ್ ಹಾಳೆಯ ಮೇಲೆ ಕೆಂಪು ಶಾಯಿ ಎಳೆಯುವ ಹಳೆಯ ಪದ್ಧತಿಯನ್ನೇ ಅದು ಚೊಕ್ಕವಾಗಿ ಮಾಡುತ್ತದೆ. ಒಂದೇ ಹಾಳೆಯನ್ನು ಹಲವರು ಏಕಕಾಲಕ್ಕೆ ತೆರೆದು ಗುರುತು ಹಾಕಬಹುದು, ಯಾರ ಗುರುತು ಯಾವುದೆಂದು ಪಟ್ಟಿ ಬರುತ್ತದೆ, ಅಳತೆ ತೆಗೆದು ಬಿಒಕ್ಯು (ಸಾಮಗ್ರಿ, ಕೆಲಸಗಳ ಪ್ರಮಾಣದ ಪಟ್ಟಿ) ಲೆಕ್ಕವನ್ನೂ ಹಾಕಬಹುದು. 2022ರಿಂದ ಅದೂ ಬಾಡಿಗೆಯ ದಾರಿ ಹಿಡಿದಿದೆ. ಡ್ರಾಯಿಂಗ್ ತಪಾಸಣೆಯೇ ಮುಖ್ಯ ಕೆಲಸವಾಗಿರುವ ಕಚೇರಿಗೆ ಇದಕ್ಕಿಂತ ಹಿತವಾದ ಉಪಕರಣ ನಾನು ಕಂಡಿಲ್ಲ. ಬೆಂಟ್ಲಿಯ ಪ್ರಾಜೆಕ್ಟ್‌ವೈಸ್ ಮೆಟ್ರೊ, ಹೆದ್ದಾರಿಯಂಥ ಕಾಮಗಾರಿಗಳ ಜಗತ್ತಿನದು. ನಮ್ಮ ಬಹುಪಾಲು ಓದುಗರಿಗೆ ಅದು ಎದುರಾಗುವುದು ಸರ್ಕಾರಿ ಟೆಂಡರಿನಲ್ಲಿ ಕಡ್ಡಾಯವೆಂದು ಬರೆದಾಗ ಮಾತ್ರ. ಬೆಂಗಳೂರಿನಲ್ಲೇ ಹುಟ್ಟಿದ ಪವರ್‌ಪ್ಲೇಯಂಥ ಮೊಬೈಲ್ ಆ್ಯಪ್‌ಗಳು ಸಾಮಗ್ರಿ, ಕೂಲಿ ಹಾಜರಿ, ದಿನದ ಪ್ರಗತಿ ಬರೆದಿಡಲು ಸಣ್ಣ ಗುತ್ತಿಗೆದಾರರಿಗೆ ಹೊಂದುತ್ತವೆ.

ಇಷ್ಟೆಲ್ಲದರ ನಡುವೆ ವಾಟ್ಸಾಪನ್ನು ಹಳಿಯುವುದು ಸುಲಭ. ನಾನು ಹಳಿಯುವುದಿಲ್ಲ. ಮೇಸ್ತ್ರಿಗೆ ಕಲಿಸಬೇಕಿಲ್ಲ, ಫೋನಿನಲ್ಲಿ ಆಗಲೇ ಇದೆ, ಫೋಟೊ ತೆಗೆದು ಎರಡು ಸೆಕೆಂಡಿನಲ್ಲಿ ಕಳಿಸಬಹುದು. ಅದರ ಶಕ್ತಿ ಮಾತುಕತೆ. ಅದನ್ನು ಡ್ರಾಯಿಂಗ್ ಇಡುವ ಕಪಾಟು ಮಾಡಿಕೊಂಡದ್ದು ನಮ್ಮ ತಪ್ಪು. ನಮ್ಮ ಕಚೇರಿಯಲ್ಲಿ ಈಗ ವಾಟ್ಸಾಪಿಗೆ ಪಿಡಿಎಫ್ ಹಾಕುವುದಿಲ್ಲ, ಹಾಳೆಯ ಕೊಂಡಿ (ಲಿಂಕ್) ಮಾತ್ರ ಹಾಕುತ್ತೇವೆ. ಯಾವತ್ತು ಒತ್ತಿದರೂ ಕೊನೆಯ ರಿವಿಷನ್ನೇ ತೆರೆಯುತ್ತದೆ. ಫೋನಿನಲ್ಲಿ ತೀರ್ಮಾನವಾದದ್ದನ್ನು ಅದೇ ಸಂಜೆ ಎರಡು ಸಾಲಿನಲ್ಲಿ ಬರೆದು, ಹಾಳೆ ಸಂಖ್ಯೆ ಸೇರಿಸಿ, ದಾಖಲೆಗೆ ಹಾಕುತ್ತೇವೆ.

ಐದು ವರ್ಷದ ಮೇಲೆ ಫೈಲ್ ಯಾರ ಹತ್ತಿರ?

ಹೋಲಿಕೆಯ ಪಟ್ಟಿಗಳಲ್ಲಿ ಈ ಪ್ರಶ್ನೆ ಇರುವುದೇ ಇಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯ 14ನೇ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ದೋಷ ಕಂಡುಬಂದು ಕೊಂಡವರು ತಿಳಿಸಿದರೆ ಬಿಲ್ಡರ್ ಅದನ್ನು ಉಚಿತವಾಗಿ ಸರಿಪಡಿಸಬೇಕು. ಅನುಮೋದಿತ ನಕ್ಷೆಯಂತೆ ಕಟ್ಟಿಲ್ಲ ಎಂಬ ತಕರಾರು ಬಂದರೆ ಮೊದಲು ಕೇಳುವುದು ಡ್ರಾಯಿಂಗ್, ಆಮೇಲೆ ಕೇಳುವುದು ಬದಲಾವಣೆಗೆ ಯಾರು ಹೂಂ ಅಂದರು ಎಂದು. ಆ ಹೊತ್ತಿಗೆ ಪ್ರಾಜೆಕ್ಟ್ ಮುಗಿದು ವರ್ಷಗಳಾಗಿರುತ್ತವೆ. ತಂತ್ರಾಂಶದ ಖಾತೆ ಗುತ್ತಿಗೆದಾರರ ಹೆಸರಿನಲ್ಲಿತ್ತು, ಅವರು ಬಾಡಿಗೆ ನಿಲ್ಲಿಸಿದ್ದಾರೆ, ಆರ್ಕಿಟೆಕ್ಟ್ ಬರೆದ ಉತ್ತರಗಳೆಲ್ಲ ಅದರೊಳಗೇ ಇದ್ದವು. ಆಗ ನಮ್ಮ ಪರವಾಗಿ ಮಾತಾಡಲು ಒಂದು ಹಾಳೆಯೂ ಇರುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯುವ ಜಾಗವೂ ಇದೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಒಂದು ಗೆರೆ ಬದಲಾದರೂ ಅದು ಬದಲಾಗುತ್ತದೆ. ಜಿಎಫ್‌ಸಿ ಹೊರಡಿಸಿದ ದಿನವೇ ಪಿಡಿಎಫ್‌ನ ಹ್ಯಾಶ್ ತೆಗೆದು ಒಂದು ಪಟ್ಟಿಯಲ್ಲಿ ಬರೆದಿಟ್ಟರೆ ಮುಂದೆ "ನೀವು ಆಮೇಲೆ ತಿದ್ದಿದ್ದೀರಿ" ಎಂಬ ಆರೋಪಕ್ಕೆ ಉತ್ತರವಿರುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಬೇಕಾದ ಆದೇಶ ಮೊದಲೇ ಇದೆ, ಹೊಸದೇನೂ ಕೊಳ್ಳಬೇಕಿಲ್ಲ. ಬ್ರಿಟನ್ನಿನಲ್ಲಿ ಗ್ರೆನ್‌ಫೆಲ್ ಟವರಿನ ಬೆಂಕಿ ದುರಂತದ ನಂತರ ಬಂದ 2022ರ ಕಾಯಿದೆ, ಎತ್ತರದ ವಸತಿ ಕಟ್ಟಡಗಳ ಮಾಹಿತಿಯನ್ನು ವಿನ್ಯಾಸದಿಂದ ಬಳಕೆಯವರೆಗೆ ಕಡಿಯದ ಎಳೆಯಾಗಿ ಡಿಜಿಟಲ್ ರೂಪದಲ್ಲಿ ಕಾಪಾಡಬೇಕು ಎನ್ನುತ್ತದೆ. ನಮ್ಮ ಕಾನೂನು ಅಷ್ಟು ದೂರ ಹೋಗಿಲ್ಲ, ನಮ್ಮ ಕಟ್ಟಡಗಳು ಮಾತ್ರ ಅಷ್ಟೇ ಎತ್ತರ ಹೋಗಿವೆ.

ಹಾಗಾಗಿ ಕರಾರು ಬರೆಯುವಾಗಲೇ ಒಂದು ಸಾಲು ಸೇರಿಸಿ: ಯಾವುದೇ ವೇದಿಕೆ ಬಳಸಿದರೂ, ಯಾರು ಹಣ ಕೊಟ್ಟರೂ, ಪ್ರಾಜೆಕ್ಟ್ ಮುಗಿದ ದಿನ ಎಲ್ಲ ಹಾಳೆ, ಆರ್‌ಎಫ್‌ಐ, ಉತ್ತರ, ಗುರುತುಗಳ ಪೂರ್ಣ ಪ್ರತಿ ಪ್ರತಿಯೊಬ್ಬ ಕನ್ಸಲ್ಟೆಂಟಿಗೂ ಸಿಗಬೇಕು. ಪಿಡಿಎಫ್, ಐಎಫ್‌ಸಿ, ಡಿಡಬ್ಲ್ಯುಜಿ ರೂಪದಲ್ಲಿ, ಲಾಗಿನ್ ಇಲ್ಲದೆ ತೆರೆಯುವಂತೆ. ತಂತ್ರಾಂಶದ ಮಾರಾಟ ಪ್ರತಿನಿಧಿ ಬಂದಾಗಲೂ ಇದನ್ನೇ ಕೇಳಿ. ಫೈಲ್ ಒಳಗೆ ಹಾಕುವುದನ್ನು ಎಲ್ಲರೂ ತೋರಿಸುತ್ತಾರೆ. ನಿಮ್ಮೆದುರಿಗೇ ಎಲ್ಲವನ್ನೂ ಹೊರತೆಗೆದು ತೋರಿಸಿ ಎನ್ನಿ.

ಐದಾರು ಮಂದಿಯ ಕಚೇರಿ, ಮನೆ ಮತ್ತು ಸಣ್ಣ ವಾಣಿಜ್ಯ ಕಟ್ಟಡದ ಕೆಲಸವಾದರೆ ನನ್ನ ಸಲಹೆ ಸರಳ. ಡ್ರಾಫ್ಟಿಂಗಿಗೆ ಕಡಿಮೆ ಬೆಲೆಯ ಡಿಡಬ್ಲ್ಯುಜಿ ತಂತ್ರಾಂಶ, ಮಾದರಿ ಬೇಕಿದ್ದರೆ ಒಂದೇ ಒಂದು ಪೂರ್ಣ ಬಿಮ್ ಲೈಸೆನ್ಸ್, ಡ್ರಾಯಿಂಗ್ ಇಡಲು ಶಿಸ್ತಾದ ಮೋಡದ ಫೋಲ್ಡರ್, ಅದರಲ್ಲಿ ಜಿಎಫ್‌ಸಿಗೆ ಬೇರೆ ಜಾಗ, ರದ್ದಾದ ಹಾಳೆಗೆ ಬೇರೆ ಜಾಗ. ಉಳಿಸಿದ ಹಣದಲ್ಲಿ ಸೈಟಿಗೊಂದು ಗಟ್ಟಿಯಾದ ಟ್ಯಾಬ್ಲೆಟ್ ಕೊಡಿಸಿ. ಹತ್ತಾರು ಕನ್ಸಲ್ಟೆಂಟುಗಳಿರುವ ಆಸ್ಪತ್ರೆ, ಐಟಿ ಪಾರ್ಕ್‌ಗಳಲ್ಲಿ ವೇದಿಕೆ ಬೇಕೇ ಬೇಕು, ಅದರ ಖರ್ಚನ್ನು ಕಟ್ಟಡದ ಮಾಲೀಕರೇ ಭರಿಸಿ ಖಾತೆ ಅವರ ಹೆಸರಿನಲ್ಲೇ ಇರುವುದು ಸರಿ.

ಇನ್ನೊಂದು ಸಂಗತಿಯನ್ನು ನಾವು ಸಂಕನ್ ಸ್ಲ್ಯಾಬಿನ ನಂತರ ಶುರುಮಾಡಿದೆವು. ಪ್ರತಿ ಹಾಳೆಯ ಬಲಮೂಲೆಯಲ್ಲಿ ಒಂದು ಕ್ಯುಆರ್ ಕೋಡ್, ಅದರ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದ ಎರಡರಲ್ಲಿ ಒಂದು ಸಾಲು: 'ಕಟ್ಟಲು ಒಪ್ಪಿಗೆ' ಅಥವಾ 'ನೋಡಲು ಮಾತ್ರ, ಕಟ್ಟಬಾರದು'. ಕ್ಯಾಡ್‌ನ ಎಸ್‌ಎಚ್‌ಎಕ್ಸ್ ಫಾಂಟುಗಳಲ್ಲಿ ಕನ್ನಡ ಬರುವುದಿಲ್ಲ, ಯೂನಿಕೋಡ್ ಫಾಂಟ್ ಹಾಕಿದರೂ ಪಿಡಿಎಫ್ ಮಾಡಿದ ಮೇಲೆ ಒತ್ತಕ್ಷರ ಸರಿಯಾಗಿ ಕೂತಿದೆಯೇ ಎಂದು ಕಣ್ಣಾರೆ ನೋಡಬೇಕು. ನಾವು ಆ ಸಾಲನ್ನು ಚಿತ್ರವಾಗಿ ಮಾಡಿ ಹಾಳೆಯ ಹೆಸರು, ಸಂಖ್ಯೆ ಇರುವ ಟೈಟಲ್ ಬ್ಲಾಕಿನಲ್ಲಿ ಕೂರಿಸಿಬಿಟ್ಟಿದ್ದೇವೆ. ಹೋದ ತಿಂಗಳು ಒಂದು ಸೈಟಿಗೆ ಹೋದಾಗ ಬಾರ್ ಬೆಂಡರ್ ಹಾಳೆಯನ್ನು ಬಿಸಿಲಿಗೆ ಹಿಡಿದು ಫೋನಿನಿಂದ ಕೋಡ್ ನೋಡುತ್ತಿದ್ದರು. "ಸಾರ್, ಇದ್ರಲ್ಲಿ ಆರ್4 ಅಂತ ಬರ್ತಿದೆ, ನಮ್ ಕೈಲಿರೋದು ಆರ್3. ಹೊಸದು ಬರೋವರ್ಗೂ ಕಂಬಿ ಕಟ್ ಮಾಡಲ್ಲ" ಎಂದರು.